ಮುಂಬಯಿಯಲ್ಲಿ ಹಳೆಯ ಫ್ಲ್ಯಾಟ್ ಕೊಳ್ಳುವಿರಾ? ಏಸಿಯನ್ನು ಕಿಟಕಿಯಾಚೆ ನೋಡಿ

‘ಮೂರು ಏಸಿ ಸಮೇತ’ ಎಂದು ದಲ್ಲಾಳಿ ಹೇಳಿದಾಗ ಊರಿನಿಂದ ಬಂದ ನಮ್ಮ ಮನಸ್ಸು ಅರಳುವುದು ಸಹಜ. ಅವನು ರಿಮೋಟ್ ಒತ್ತುತ್ತಾನೆ, ತಣ್ಣನೆಯ ಗಾಳಿ ಬೀಸುತ್ತದೆ, ನಾವು ತಲೆಯಾಡಿಸುತ್ತೇವೆ. ಹದಿನಾಲ್ಕು ವರ್ಷಗಳ ಹಿಂದೆ ನಾನೂ ತಲೆಯಾಡಿಸಿದ್ದೆ.

ಮಾಹಿಮ್‌ನ ಆ ಮನೆಯಿಂದ ಸಮುದ್ರ ಕಾಣುತ್ತಿತ್ತು. ಮೊದಲ ಬೇಸಿಗೆಯಲ್ಲೇ ಏಸಿ ಬರೀ ಗಾಳಿ ಊದತೊಡಗಿತು. ಮೆಕ್ಯಾನಿಕ್ ಹೊರಗಿನ ಯೂನಿಟ್‌ನ ಬೆನ್ನನ್ನು ಬೆರಳಿನಿಂದ ಮುಟ್ಟಿದ್ದೇ ತಡ, ಅಲ್ಯೂಮಿನಿಯಂ ಪಟ್ಟಿಗಳು ಹಪ್ಪಳದಂತೆ ಮುರಿದು ಅವನ ಅಂಗೈಯಲ್ಲಿ ಬಿಳಿ ಪುಡಿಯಾದವು. ಉಪ್ಪುಗಾಳಿ ಕಾಯಿಲನ್ನೇ ತಿಂದುಹಾಕಿತ್ತು. ಒಳಗಿನ ಯೂನಿಟ್ ಮಾತ್ರ ಹೊಸದರಂತೆ ಹೊಳೆಯುತ್ತಿತ್ತು.

ಆದ್ದರಿಂದ ಮೊದಲು ಹೊರಗಿನ ಯೂನಿಟ್ ನೋಡಿ. ಬಗ್ಗಿ ನೋಡುವ ಸಾಹಸ ಬೇಡ, ಮೊಬೈಲಿನಲ್ಲಿ ಫೋಟೊ ತೆಗೆದು ಹಿಗ್ಗಿಸಿ. ಅದನ್ನು ಹೊತ್ತ ಕಬ್ಬಿಣದ ಬ್ರಾಕೆಟ್ ತುಕ್ಕು ಹಿಡಿದಿದ್ದರೆ ಕೆಳಗೆ ನಡೆಯುವವರ ಪ್ರಾಣದ ಪ್ರಶ್ನೆ. ಲೇಬಲ್ಲಿನಲ್ಲಿ ತಯಾರಾದ ವರ್ಷವನ್ನೂ ತಂಪು ಮಾಡುವ ಗ್ಯಾಸಿನ ಹೆಸರನ್ನೂ ಓದಿ. ಆರ್-22 ಎಂದಿದ್ದರೆ ಅದು ಓಜೋನ್ ಪದರಕ್ಕೆ ಹಾನಿಯೆಂದು ಬಳಕೆಯಿಂದ ಸರಿಯುತ್ತಿರುವ ಹಳೆಯ ಗ್ಯಾಸ್. ಅಂಥ ಯಂತ್ರಕ್ಕೆ ಬೆಲೆ ಕೊಡಬೇಡಿ. ‘ಪ್ರತಿವರ್ಷ ಗ್ಯಾಸ್ ತುಂಬಿಸುತ್ತೇವೆ’ ಎಂದು ಮಾಲೀಕರು ಹೆಮ್ಮೆಯಿಂದ ಹೇಳಿದರೆ ಎಚ್ಚರವಾಗಿ. ಗ್ಯಾಸ್ ಪೆಟ್ರೋಲಿನಂತೆ ಉರಿದು ಮುಗಿಯುವುದಿಲ್ಲ, ಕಡಿಮೆಯಾಯಿತೆಂದರೆ ಎಲ್ಲೋ ಸೋರುತ್ತಿದೆ.

ಇಪ್ಪತ್ತು ನಿಮಿಷ ಓಡಿಸಿ, ಏಸಿ ಒಳಗೆಳೆಯುವ ಗಾಳಿಗೂ ಹೊರಬಿಡುವ ಗಾಳಿಗೂ ಥರ್ಮಾಮೀಟರ್ ಹಿಡಿಯಿರಿ. ಸಾಮಾನ್ಯವಾಗಿ 8ರಿಂದ 12 ಡಿಗ್ರಿ ವ್ಯತ್ಯಾಸ ಇರಬೇಕು.

ನೀರಿನ ಪೈಪನ್ನು ಮರೆಯಬೇಡಿ. ಈ ಊರಿನ ತೇವದಲ್ಲಿ ಒಂದು ಏಸಿ ರಾತ್ರಿಯಿಡೀ ಓಡಿದರೆ ಬಕೆಟ್‌ಗಟ್ಟಲೆ ನೀರು ಇಳಿಯುತ್ತದೆ. ಯೂನಿಟ್ ಕೆಳಗಿನ ಗೋಡೆಯನ್ನು ಅಂಗೈಯಿಂದ ಒತ್ತಿ. ಬಣ್ಣ ಉಬ್ಬಿದ್ದರೆ ನೀರು ಗೋಡೆಯೊಳಗೆ ಹೋಗುತ್ತಿದೆ ಎಂದರ್ಥ. ಕೆಳಮನೆಯವರ ಸಜ್ಜಾದ ಮೇಲೆ ತೊಟ್ಟಿಕ್ಕುತ್ತಿದ್ದರೆ ಆ ಜಗಳವನ್ನೂ ನೀವು ಕೊಂಡಂತೆ. ಕಟ್ಟಡದ ನಿವಾಸಿಗಳ ಸೊಸೈಟಿಯ ಕಾರ್ಯದರ್ಶಿಯನ್ನು ಕೇಳಿ, ಹಳೆಯ ದೂರುಗಳೆಲ್ಲ ಅವರಿಗೆ ಗೊತ್ತಿರುತ್ತವೆ. ಹೊರಗಿನ ಯೂನಿಟ್ ಎಲ್ಲಿಡಬಹುದೆಂಬ ನಿಯಮವನ್ನೂ ಅವರಿಂದಲೇ ತಿಳಿಯಿರಿ.

ವಿದ್ಯುತ್ ಬಿಲ್ಲಿನಲ್ಲಿ ಮಂಜೂರಾದ ಲೋಡ್, ಅಂದರೆ ಮನೆ ಒಮ್ಮೆಗೆ ಎಳೆಯಬಹುದಾದ ವಿದ್ಯುತ್ತಿನ ಮಿತಿ, ಎಷ್ಟೆಂದು ನೋಡಿ. ಒಂದೂವರೆ ಟನ್ನಿನ ಏಸಿ ಸುಮಾರು ಒಂದೂವರೆ ಕಿಲೋವ್ಯಾಟ್ ಎಳೆಯುತ್ತದೆ; ಮೂರು ಒಟ್ಟಿಗೆ ಓಡಿದರೆ ಹಳೆಯ ವೈರಿಂಗ್ ತಾಳಬೇಕಲ್ಲ.

ಕೊನೆಗೆ, ಏಸಿಗಳ ಮಾದರಿ ಸಂಖ್ಯೆಯನ್ನು ಕರಾರಿನಲ್ಲಿ ಬರೆಸಿ. ಕೀಲಿಕೈ ಪಡೆದ ದಿನ ಬಾಗಿಲು ತೆರೆದು, ಗೋಡೆಯ ತೂತುಗಳನ್ನಷ್ಟೇ ಕಂಡ ಕುಟುಂಬ ನಮ್ಮ ಮಹಡಿಯಲ್ಲೇ ಇದೆ.