ಚಾರ್ಜಿಂಗ್ ಗನ್ ಬಿಸಿ ಆಗೋದನ್ನ ತಡೆಯೋದು ಹೇಗೆ: ನನ್ನ ಅನುಭವ

ನಾನು ಇವಿ (ಎಲೆಕ್ಟ್ರಿಕ್ ಕಾರ್) ಚಾರ್ಜರ್‌ಗಳ ಮೇಂಟೆನೆನ್ಸ್ ನೋಡ್ಕೊಳ್ತೀನಿ, ಎಸಿ ಡಿಸಿ ಎರಡೂ. ಗನ್ ಅಂದ್ರೆ ಚಾರ್ಜರ್ ಕೇಬಲ್ ತುದಿಯಲ್ಲಿ ಕಾರ್‌ಗೆ ಸಿಕ್ಕಿಸೋ ಹಿಡಿ, ಅಂದ್ರೆ ಕನೆಕ್ಟರ್. ಜನ ನನ್ನ ಹತ್ರ ಜಾಸ್ತಿ ಕೇಳೋ ಪ್ರಶ್ನೆ ಒಂದೇ, "ಗನ್ ಬಿಸಿ ಆಗ್ತಿದೆ, ಆದ್ರೆ ಎಂಸಿಬಿ ಟ್ರಿಪ್ ಆಗ್ತಿಲ್ಲ, ಹಂಗಾದ್ರೆ ಏನೂ ತೊಂದ್ರೆ ಇಲ್ಲ ಅಲ್ವಾ?" ತೊಂದ್ರೆ ಇರೋದೇ ಅಲ್ಲಿ. ಎಂಸಿಬಿ ಅಂದ್ರೆ ಕರೆಂಟ್ ಮಿತಿ ಮೀರಿದ್ರೆ ತಾನೇ ಆಫ್ ಆಗೋ ಬ್ರೇಕರ್, ಅದು ನೋಡೋದು ಎಷ್ಟು ಕರೆಂಟ್ ಹರೀತಿದೆ ಅನ್ನೋದನ್ನ ಮಾತ್ರ. ಪಿನ್ ಸಡಿಲ ಆಗಿದ್ರೂ ಹರಿಯೋದು ಅದೇ 32 ಆಂಪ್ಸ್, ಅದಕ್ಕೆ ಎಲ್ಲಾ ಸರಿಯಾಗೇ ಕಾಣುತ್ತೆ. ಲೀಕೇಜ್ ಬ್ರೇಕರ್‌ಗೂ ಗೊತ್ತಾಗಲ್ಲ, ಯಾಕಂದ್ರೆ ಅರ್ಥ್‌ಗೆ ಏನೂ ಸೋರ್ತಿಲ್ಲ. ಕನೆಕ್ಟರ್ ಒಳಗೆ ಸುಡ್ತಾ ಇರೋದನ್ನ ಬೋರ್ಡ್‌ನಲ್ಲಿರೋ ಬ್ರೇಕರ್ ಹಿಡಿಯಲ್ಲ, ನಾವೇ ಹಿಡೀಬೇಕು.

ಬಿಸಿ ಎಲ್ಲಿಂದ ಬರುತ್ತೆ ಅಂದ್ರೆ, ಕರೆಂಟಿನ ವರ್ಗ ಗುಣಿಸು ರೆಸಿಸ್ಟೆನ್ಸ್, ಅಷ್ಟೇ ಲೆಕ್ಕ. ಒಳ್ಳೆ ಪಿನ್ ಕಾಂಟ್ಯಾಕ್ಟ್‌ನಲ್ಲಿ ಅರ್ಧ ಮಿಲಿಓಮ್ ಇದೆ ಅಂದ್ಕೊಳ್ಳಿ, 32 ಆಂಪ್ಸ್‌ಗೆ ಅರ್ಧ ವ್ಯಾಟ್ ಶಾಖ, ಕೈಗೆ ಗೊತ್ತೂ ಆಗಲ್ಲ. ಅದೇ ಕಾಂಟ್ಯಾಕ್ಟ್ ಹಾಳಾಗಿ 10 ಮಿಲಿಓಮ್ ಆಯ್ತು ಅಂದ್ರೆ 10 ವ್ಯಾಟ್. ಕೇಳೋಕೆ ಕಮ್ಮಿ ಅನ್ಸುತ್ತೆ, ಆದ್ರೆ ಪ್ಲಾಸ್ಟಿಕ್ ಒಳಗೆ ಮುಚ್ಚಿಟ್ಟಿರೋ 6 ಮಿಲಿಮೀಟರ್ ದಪ್ಪದ ಪಿನ್‌ನಲ್ಲಿ ಗಂಟೆಗಟ್ಟಲೆ 10 ವ್ಯಾಟ್ ಅಂದ್ರೆ ಸಣ್ಣ ಸೋಲ್ಡರಿಂಗ್ ಐರನ್ ಒಳಗೆ ಇಟ್ಟು ಮರೆತ ಹಾಗೆ. ಇನ್ನೂ ಕೆಟ್ಟದ್ದು ಏನಪ್ಪಾ ಅಂದ್ರೆ ಅದು ಅಲ್ಲಿಗೇ ನಿಲ್ಲಲ್ಲ, ಬಿಸಿಯಾದಷ್ಟೂ ಪಿನ್ ಹಿಡ್ಕೊಳ್ಳೋ ಸ್ಪ್ರಿಂಗ್‌ನ ಬಿಗಿ ಕಮ್ಮಿ ಆಗುತ್ತೆ, ಬಿಗಿ ಕಮ್ಮಿ ಆದ್ರೆ ರೆಸಿಸ್ಟೆನ್ಸ್ ಏರುತ್ತೆ, ರೆಸಿಸ್ಟೆನ್ಸ್ ಏರಿದ್ರೆ ಮತ್ತೆ ಬಿಸಿ. ಅದಕ್ಕೇ ಎಷ್ಟೋ ದಿನ ಚೆನ್ನಾಗೇ ಇದ್ದ ಗನ್ ಕೊನೆಗೆ ಬೇಗ ಬೇಗ ಕೆಡುತ್ತೆ.

ನಾನು ಚೆಕ್ ಮಾಡೋ ರೀತಿ ಹೇಳ್ತೀನಿ. ಬಿಸಿ ಇದೆಯಾ ಇಲ್ವಾ ಅನ್ನೋದಕ್ಕಿಂತ ಎರಡು ಪಿನ್ ಮಧ್ಯೆ ವ್ಯತ್ಯಾಸ ಎಷ್ಟು ಅನ್ನೋದು ನಂಗೆ ಮುಖ್ಯ. ಸಿಂಗಲ್ ಫೇಸ್ ಚಾರ್ಜಿಂಗ್‌ನಲ್ಲಿ ಫೇಸ್ ಪಿನ್‌ನಲ್ಲೂ ನ್ಯೂಟ್ರಲ್ ಪಿನ್‌ನಲ್ಲೂ ಹರಿಯೋದು ಒಂದೇ ಕರೆಂಟ್, ಡಿಸಿಯಲ್ಲಿ ಪ್ಲಸ್ಸು ಮೈನಸ್ಸು ಕೂಡ ಹಂಗೇ. ಹಾಗಿರೋವಾಗ ಎರಡೂ ಹತ್ತಿರ ಹತ್ತಿರ ಒಂದೇ ಟೆಂಪರೇಚರ್‌ನಲ್ಲಿ ಇರ್ಬೇಕು. ಒಂದು ಬೆಚ್ಚಗೆ, ಇನ್ನೊಂದು ಮುಟ್ಟೋಕಾಗದಷ್ಟು ಬಿಸಿ ಅಂದ್ರೆ ಬಿಸಿ ಇರೋ ಕಡೆ ಕಾಂಟ್ಯಾಕ್ಟೋ ಹಿಂದಿನ ಕ್ರಿಂಪಿಂಗೋ (ವೈರನ್ನ ಪಿನ್‌ಗೆ ಒತ್ತಿ ಬಿಗಿದಿರೋ ಜಾಗ) ಕೆಟ್ಟಿದೆ. ಎರಡೂ ಸಮನಾಗಿ ಬಿಸಿ ಇದ್ರೆ ಬೇರೆ ಕಡೆ ಹುಡುಕ್ತೀನಿ, ಕೇಬಲ್ ಸಣ್ಣದಾ, ಬಿಸಿಲು ನೇರ ಬೀಳ್ತಿದ್ಯಾ, ಕರೆಂಟ್ ಸೆಟ್ಟಿಂಗ್ ಜಾಸ್ತಿ ಇದ್ಯಾ ಅಂತ. (ತ್ರೀ ಫೇಸ್‌ನಲ್ಲಿ ಮೂರು ಫೇಸ್ ಪಿನ್‌ಗಳನ್ನ ಒಂದಕ್ಕೊಂದು ಹೋಲಿಸ್ಬೇಕು, ಅಲ್ಲಿ ನ್ಯೂಟ್ರಲ್ ಲೆಕ್ಕಕ್ಕೆ ಬರಲ್ಲ.)

ಕಾರ್ ಹಾಕಿ ಐದು ನಿಮಿಷಕ್ಕೆ ಅಳೆದ್ರೆ ಪ್ರಯೋಜನ ಇಲ್ಲ, ಫುಲ್ ಕರೆಂಟ್‌ನಲ್ಲಿ ಮುಕ್ಕಾಲು ಗಂಟೆಯಾದ್ರೂ ಓಡ್ಬೇಕು, ಆಮೇಲೇ ಕಾವು ಒಂದು ಕಡೆ ನಿಲ್ಲೋದು. ಅಷ್ಟೊತ್ತಿಗೆ ಥರ್ಮಲ್ ಕ್ಯಾಮೆರಾದಲ್ಲಿ ಗನ್‌ನ ಪ್ಲಾಸ್ಟಿಕ್ ಮೈ, ಗನ್‌ನಿಂದ ಒಂದು ಗೇಣು ದೂರದ ಕೇಬಲ್, ಕೇಬಲ್ ಮಧ್ಯಭಾಗ ಮೂರನ್ನೂ ನೋಡ್ತೀನಿ. ಗನ್ ಹತ್ರ ಮಾತ್ರ ಬಿಸಿ, ಮಧ್ಯ ತಣ್ಣಗೆ ಅಂದ್ರೆ ಜಾಯಿಂಟ್ ತೊಂದ್ರೆ. ಆಮೇಲೆ ಚಾರ್ಜಿಂಗ್ ಸ್ಟಾಪ್ ಮಾಡಿ ಗನ್ ತೆಗೆದು ತಕ್ಷಣ ಮುಖ ನೋಡ್ತೀನಿ. ಒಂದು ಎಚ್ಚರಿಕೆ, ಹೊಳೆಯೋ ಲೋಹದ ಮೇಲೆ ಈ ಕ್ಯಾಮೆರಾ ಸುಳ್ಳು ಹೇಳುತ್ತೆ, ನಿಜಕ್ಕಿಂತ ತಣ್ಣಗೆ ತೋರಿಸುತ್ತೆ, ಅದಕ್ಕೆ ಪಿನ್ ಬಿಟ್ಟು ಅದರ ಸುತ್ತ ಇರೋ ಪ್ಲಾಸ್ಟಿಕ್ ಮೇಲೆ ಓದ್ತೀನಿ.

ಕಣ್ಣಿಗೆ ಕಾಣೋ ಗುರುತುಗಳೂ ಇವೆ. ಪಿನ್ ಮೇಲೆ ಇರೋದು ಬೆಳ್ಳಿ ಲೇಪ, ಅದು ಸ್ವಲ್ಪ ಮಂಕಾಗೋದು ಸಹಜ, ಅದಕ್ಕೆ ಹೆದರಬೇಕಿಲ್ಲ. ಆದ್ರೆ ಒಂದು ತೂತಿನ ಸುತ್ತ ಮಾತ್ರ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ರೆ, ಅಂಚು ಮೆತ್ತಗಾಗಿ ಒಳಗೆ ಬಾಗಿದ್ರೆ, ಪಿನ್ ಮೇಲೆ ಸಣ್ಣ ಸಣ್ಣ ಗುಳಿ ಬಿದ್ದಿದ್ರೆ, ಕಮರು ವಾಸನೆ ಬಂದ್ರೆ, ಆ ಗನ್ ಅವತ್ತೇ ಬಂದ್. ಕ್ಲೀನ್ ಮಾಡಿ ನೋಡೋಣ ಅನ್ನೋರು ಸುಮಾರು ಜನ, ಕೆಲವರು ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿಬಿಡ್ತಾರೆ, ದಯವಿಟ್ಟು ಮಾಡ್ಬೇಡಿ, ಬೆಳ್ಳಿ ಲೇಪ ಹೋಗಿ ಒಳಗಿನ ತಾಮ್ರ ಗಾಳಿಗೆ ಬಿತ್ತು ಅಂದ್ರೆ ಆಕ್ಸೈಡ್ ಕಟ್ಟಿ ಮೊದಲಿಗಿಂತ ಕೆಡುತ್ತೆ. ಎಣ್ಣೆ ತರದ ಸ್ಪ್ರೇ ಹೊಡೆದ್ರೆ ಧೂಳು ಅಂಟ್ಕೊಳ್ಳುತ್ತೆ. ನಾನು ಸಪ್ಲೈ ಪೂರ್ತಿ ಆಫ್ ಮಾಡಿ ನೂಲು ಬಿಡದ ಬಟ್ಟೆಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸ್ತೀನಿ, ಪೂರ್ತಿ ಆರಿದ ಮೇಲೆ ಆನ್ ಮಾಡ್ತೀನಿ, ಅಷ್ಟೇ. ಧೂಳು, ತೇವ ಹೋಗೋಕೆ ಅದು ಸಾಕು, ಸುಟ್ಟಿರೋದು ಯಾವ ಕ್ಲೀನರ್‌ಗೂ ವಾಪಸ್ ಬರಲ್ಲ.

ಸುಟ್ಟ ಗನ್ ಯಾಕೆ ಅಷ್ಟು ಬೇಗ ತೆಗೀಬೇಕು ಅಂದ್ರೆ, ಅದು ಕಾರ್ ಕಡೆಯ ಸಾಕೆಟ್ಟನ್ನೂ ಹಾಳು ಮಾಡುತ್ತೆ, ಆ ಕಾರ್ ಆಮೇಲೆ ಇನ್ನೊಂದು ಚಾರ್ಜರ್‌ನ ಒಳ್ಳೆ ಗನ್ ಕೆಡಿಸುತ್ತೆ. ಹೊಸ ಗನ್ ಹಾಕಿದ್ಮೇಲೂ ಒಂದೇ ಕಾರ್‌ಗೆ ಮಾತ್ರ ಬಿಸಿ ಬರ್ತಿದ್ರೆ ಆ ಕಾರ್‌ನ ಸಾಕೆಟ್ ತೋರಿಸಿ ಅಂತ ಓನರ್‌ಗೆ ಬಿಡಿಸಿ ಹೇಳ್ತೀನಿ. ಕೆಲವರಿಗೆ ಬೇಜಾರಾಗುತ್ತೆ, ಆದ್ರೂ ಹೇಳ್ಲೇಬೇಕು.

ಮನೇಲಿ 16 ಆಂಪ್ಸ್ ಸಾಕೆಟ್‌ಗೆ ಪೋರ್ಟಬಲ್ ಚಾರ್ಜರ್ ಹಾಕೋರಿಗೆ ಕಾರ್ ಕಡೆಗಿಂತ ಗೋಡೆ ಕಡೆಯೇ ಮೊದಲು ಕೆಡೋದು. ಸಾಕೆಟ್ ಬಿಗಿಯಾಗಿರ್ಬೇಕು, ಪ್ಲಗ್ ಜೋತಾಡಿದ್ರೆ ಸಾಕೆಟ್ ಬದಲಾಯಿಸಿ. ಎಕ್ಸ್‌ಟೆನ್ಷನ್ ಬೋರ್ಡ್ ಬೇಡ, ಅಡಾಪ್ಟರ್ ಬೇಡ, ಕೇಬಲ್ ಸುತ್ತಿಟ್ಟು ಚಾರ್ಜ್ ಮಾಡೋದಂತೂ ಬೇಡವೇ ಬೇಡ. ಚಾರ್ಜರ್ ಬಾಕ್ಸ್ ಪ್ಲಗ್‌ಗೆ ನೇತಾಡೋಕೆ ಬಿಡ್ಬೇಡಿ, ಆ ಭಾರ ಎಲ್ಲಾ ಒಂದು ಪಿನ್ ಮೇಲೆ ಬಿದ್ದು ಕಾಂಟ್ಯಾಕ್ಟ್ ಓರೆ ಆಗುತ್ತೆ, ಒಂದು ಹುಕ್ ಹಾಕಿ. ಕರೆಂಟ್ ಕಮ್ಮಿ ಮಾಡೋ ಆಪ್ಷನ್ ಇದ್ರೆ ಅದಕ್ಕಿಂತ ಸುಲಭದ ದಾರಿ ಇಲ್ಲ, 16ರಿಂದ 10ಕ್ಕೆ ಇಳಿಸಿದ್ರೆ ಶಾಖ ಸುಮಾರು ಶೇ 40ಕ್ಕೆ ಇಳಿಯುತ್ತೆ, ಚಾರ್ಜಿಂಗ್ ತಡ ಆಗೋದು ನಿಜ, ಆದ್ರೆ ರಾತ್ರಿ ಪೂರ್ತಿ ಕಾರ್ ನಿಂತೇ ಇರುತ್ತಲ್ಲ.

ವಾಲ್ ಬಾಕ್ಸ್‌ನಲ್ಲಿ (ಗೋಡೆಗೆ ಕೂರಿಸೋ ಚಾರ್ಜರ್) ವೈರ್ ಹಿಡಿಯೋ ಟರ್ಮಿನಲ್ ಸ್ಕ್ರೂ ಕೈ ಅಂದಾಜಲ್ಲಿ ಬಿಗಿ ಮಾಡಲ್ಲ, ಬಿಗಿ ಅಳತೆ ಮಾಡೋ ಟಾರ್ಕ್ ಸ್ಕ್ರೂಡ್ರೈವರ್ ಇಟ್ಕೊಂಡಿದೀನಿ, ಎಷ್ಟು ಅನ್ನೋದು ಕಂಪನಿ ಕೊಟ್ಟಿರೋ ಲೆಕ್ಕದಂತೆ. ಎಳೆ ಎಳೆ ವೈರ್‌ಗೆ ಫೆರಲ್ (ತುದಿಗೆ ಹಾಕೋ ಸಣ್ಣ ಲೋಹದ ಕೊಳವೆ) ಹಾಕಿ ಕ್ರಿಂಪ್ ಮಾಡ್ತೀನಿ, ತುದಿಗೆ ಸೋಲ್ಡರ್ ಹಚ್ಚೋರಿದ್ದಾರೆ, ಸೋಲ್ಡರ್ ಮೆತ್ತಗಿನ ಲೋಹ, ಸ್ಕ್ರೂ ಒತ್ತಡಕ್ಕೆ ನಿಧಾನಕ್ಕೆ ಜರಗಿ ಸಡಿಲ ಆಗುತ್ತೆ. ಹೊಸ ಕನೆಕ್ಷನ್ ಕೊಟ್ಟ ಕೆಲವು ವಾರಕ್ಕೆ ಪವರ್ ಆಫ್ ಮಾಡಿ ಇನ್ನೊಂದ್ಸಲ ನೋಡೋದು ನನ್ನ ಅಭ್ಯಾಸ.

ಡಿಸಿ ಗನ್‌ಗಳಲ್ಲಿ ಪ್ಲಸ್ಸು ಮೈನಸ್ಸು ಪಿನ್‌ಗೆ ಒಂದೊಂದು ಟೆಂಪರೇಚರ್ ಸೆನ್ಸರ್ ಇರುತ್ತೆ, ನಾನು ನೋಡೋ ಗನ್‌ಗಳಲ್ಲಿ ಪಿಟಿ1000 ಜಾಸ್ತಿ, ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್ ಏರುತ್ತೆ. ಇದು 0 ಡಿಗ್ರಿಗೆ 1000 ಓಮ್, 25 ಡಿಗ್ರಿಗೆ ಸುಮಾರು 1097, 90 ಡಿಗ್ರಿಗೆ ಸುಮಾರು 1347 ಓಮ್. ರಾತ್ರಿಯೆಲ್ಲಾ ಸುಮ್ನೆ ಇದ್ದ ಗನ್‌ನಲ್ಲಿ ಬೆಳಿಗ್ಗೆ ಅಳೆದ್ರೆ ಎರಡೂ ಸೆನ್ಸರ್ ಸುತ್ತಲಿನ ಗಾಳಿಯ ಟೆಂಪರೇಚರನ್ನೇ ತೋರಿಸ್ಬೇಕು. ಒಂದು ಬೇರೆ ಹೇಳಿದ್ರೆ ಸೆನ್ಸರ್ ವೈರ್ ನೋಡ್ತೀನಿ. ಇಲ್ಲಿ ನಂಗೆ ನಿಜವಾಗ್ಲೂ ಕೋಪ ಬರೋ ಒಂದು ವಿಷಯ ಇದೆ, ಗನ್ ಬಿಸಿ ಅಂತ ಚಾರ್ಜರ್ ಕರೆಂಟ್ ಇಳಿಸ್ತಿದೆ ಅಂದಾಗ ಯಾವಾಗ್ಲೂ ತಣ್ಣಗಿದೆ ಅಂತ ಚಾರ್ಜರ್‌ಗೆ ತೋರೋ ಹಾಗೆ ಸೆನ್ಸರ್ ಜಾಗಕ್ಕೆ ಒಂದು ರೆಸಿಸ್ಟರ್ ಹಾಕಿ ಕಳಿಸೋದು, ಇಲ್ಲಾ ಹ್ಯಾಂಡಲ್‌ಗೆ ಒದ್ದೆ ಬಟ್ಟೆ ಸುತ್ತೋದು. ಬಟ್ಟೆಯಿಂದ ಸೆನ್ಸರ್ ತಣ್ಣಗಾಗ್ಬಹುದು, ಪಿನ್ ಅಷ್ಟು ತಣ್ಣಗಾಗಲ್ಲ. 200 ಆಂಪ್ಸ್ ಹರಿಯೋ ಕಡೆ 1 ಮಿಲಿಓಮ್ ಅಂದ್ರೆ 40 ವ್ಯಾಟ್, ಅದನ್ನ ನೋಡೋಕೆ ಇರೋ ಒಂದೇ ಕಣ್ಣು ಮುಚ್ಚಿಬಿಟ್ರೆ ಮುಂದೆ ಗನ್ ಹಿಡಿಯೋ ಮನುಷ್ಯನ ಕೈಯೇ ಸುಡೋದು.

ಇನ್ನು ನಾನು ಬರೆದಿಡೋದು ನಾಲ್ಕೇ ಸಂಗತಿ: ಕರೆಂಟ್ ಎಷ್ಟು, ಸುತ್ತಲಿನ ಗಾಳಿ ಎಷ್ಟು ಡಿಗ್ರಿ, ಎರಡು ಪಿನ್ ಎಷ್ಟೆಷ್ಟು. ಬೇಸಿಗೆ ಚಳಿಗಾಲ ಅಂತ ಗೊಂದಲ ಆಗ್ಬಾರ್ದು ಅಂತ ಪಿನ್ ಟೆಂಪರೇಚರ್‌ನಲ್ಲಿ ಗಾಳಿಯದನ್ನ ಕಳೆದು ನೋಡ್ತೀನಿ. ಅದೇ ಕರೆಂಟ್‌ಗೆ ಆ ಅಂತರ ಒಂದೊಂದು ಸಲಕ್ಕೂ ಏರ್ತಾ ಹೋಗ್ತಿದ್ರೆ, ಪ್ಲಾಸ್ಟಿಕ್ ಬಣ್ಣ ಇನ್ನೂ ಚೆನ್ನಾಗೇ ಇದ್ರೂ ಸರಿ, ಹೊಸ ಗನ್‌ಗೆ ಆರ್ಡರ್ ಹಾಕಿ ಅದು ಬರೋ ತನಕ ಚಾರ್ಜರ್‌ನ ಕರೆಂಟ್ ಇಳಿಸಿಟ್ಟಿರ್ತೀನಿ.