ಅಮ್ಮ ಹೇಳಿದ ಮೇಲೆ ಸುಣ್ಣ ಕುದಿಯಿತು

ನಮ್ಮ ಬೀದಿಯ ಹುಡುಗನೊಬ್ಬ ಮೆಟ್ಟಿಲ ಮೇಲೆ ಜಾರಿ ಕೈ ಮುರಿದುಕೊಂಡ. ನೋಡಲು ಹೋದರೆ ನೋವಿನ ಮಾತೇ ಇಲ್ಲ. "ಆಂಟಿ, ಪಿಒಪಿ ಹಾಕಿದಾಗ ಕೈಯೆಲ್ಲಾ ಬೆಚ್ಚಗಾಯ್ತು. ಅವರು ಅದ್ದಿದ್ದು ತಣ್ಣೀರಲ್ಲೇ!" ಅಂದ. ಪಿಒಪಿ ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್, ಮುರಿದ ಕೈಗೆ ಹಾಕುವ ಪಟ್ಟಿಯಲ್ಲಿರುವ ಬಿಳಿ ಪುಡಿ. ಹನುಮಂತನಗರದ ನಮ್ಮ ಮನೆಯಲ್ಲಿ ಭಾನುವಾರ ಏಳೆಂಟು ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಆ ವಾರದ ಪಾಠ ಅಲ್ಲೇ ಸಿಕ್ಕಿತು.

ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಆಗುವುದಿಲ್ಲ, 42 ಡಿಗ್ರಿಗೇ ನಿಂತುಬಿಡುತ್ತದೆ. ಎಸ್.ಪಿ. ರಸ್ತೆಗೆ ಹೋಗಿ ತಂತಿಯ ತುದಿಯಲ್ಲಿ ಕಡ್ಡಿ ಇರುವ ಡಿಜಿಟಲ್ ಥರ್ಮಾಮೀಟರ್ ತಂದೆ. ಸರಿ ಇದೆಯಾ ಅಂತ ಐಸ್ ನೀರಲ್ಲಿಟ್ಟರೆ 0 ತೋರಿಸಿತು. ಕುದಿಯುವ ನೀರಲ್ಲಿ 97. "ಕೆಟ್ಟಿದೆ, ವಾಪಸ್ ಕೊಟ್ಟುಬಿಡಿ ಆಂಟಿ" ಅಂದರು ಮಕ್ಕಳು. ಕೆಟ್ಟಿರಲಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಗಾಳಿಯ ಒತ್ತಡ ಕಡಿಮೆ, ಹಾಗಾಗಿ ನಮ್ಮಲ್ಲಿ ನೀರು 100 ಮುಟ್ಟುವ ಮೊದಲೇ ಕುದಿಯುತ್ತದೆ.

ಮೊದಲು ಪಿಒಪಿಯನ್ನೇ ಮಾಡಿದೆವು. 100 ಗ್ರಾಂ ಪುಡಿಗೆ 65 ಎಂಎಲ್ ನೀರು, ಕಾಗದದ ಲೋಟದಲ್ಲಿ ಕಲಸಿ ಕಡ್ಡಿಯನ್ನು ಪಾಲಿಥಿನ್ ಸುತ್ತಿ ಚುಚ್ಚಿದೆ. ಪಾಲಿಥಿನ್ ಸುತ್ತದಿದ್ದರೆ ಕಡ್ಡಿ ಅದರೊಳಗೇ ಉಳಿದುಬಿಡುತ್ತದೆ. ಮೊದಲ ಐದು ನಿಮಿಷ ಏನೂ ಇಲ್ಲ. ಮಕ್ಕಳು ಆಕಳಿಸಿದರು. ಪುಡಿ ಗಟ್ಟಿಯಾಗತೊಡಗಿದ ಮೇಲೆ ಅಂಕಿ ಏರಲು ಶುರುವಾಯಿತು, 25ರಿಂದ 41ಕ್ಕೆ ಹೋಯಿತು. ಜಿಪ್ಸಮ್ ಅನ್ನುವ ಖನಿಜವನ್ನು ಕಾಯಿಸಿ ಅದರೊಳಗಿನ ನೀರಿನ ಹೆಚ್ಚಿನ ಪಾಲನ್ನು ಓಡಿಸಿದರೆ ಸಿಗುವುದೇ ಪಿಒಪಿ. ನೀರು ಮತ್ತೆ ಸಿಕ್ಕಾಗ ಅದು ಜಿಪ್ಸಮ್ ಆಗುತ್ತಾ ಶಾಖ ಬಿಡುತ್ತದೆ. ಅಚ್ಚು ತೆಗೆಯಬೇಕು ಅಂತ ಯಾರೂ ಕೈಯನ್ನು ದಪ್ಪ ಪಿಒಪಿ ಒಳಗೆ ಇಳಿಸಬಾರದು. ಶಾಖ ಒಳಗೇ ಸಿಕ್ಕಿಕೊಂಡು ಚರ್ಮ ಸುಟ್ಟುಹೋಗುತ್ತದೆ.

ತಣ್ಣಗಾಗುವುದನ್ನೂ ತೋರಿಸಿದೆ. 100 ಎಂಎಲ್ ನೀರಲ್ಲಿ 15 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ, 20 ಗ್ರಾಂ ಅಡುಗೆ ಸೋಡಾ ಸ್ವಲ್ಪ ಸ್ವಲ್ಪವೇ ಹಾಕಿದರೆ ನೊರೆ ಉಕ್ಕುತ್ತದೆ. ಉಕ್ಕುವುದೆಲ್ಲ ಬಿಸಿ ಅಂದುಕೊಂಡಿದ್ದ ಮಕ್ಕಳಿಗೆ ಇದು ತಮಾಷೆ, ಅಲ್ವಾ? ಸ್ಟೀಲ್ ಲೋಟದಲ್ಲಿ ಮಾಡಿದಾಗ 6 ಡಿಗ್ರಿ ಮಾತ್ರ ಇಳಿಯಿತು. ಕಾರಣ, ಲೋಟವನ್ನು ಸರದಿಯಂತೆ ಎಲ್ಲರೂ ಹಿಡಿದು ನೋಡುತ್ತಿದ್ದರು, ಅವರ ಅಂಗೈ ಬಿಸಿ ಒಳಗೆ ಹೋಗುತ್ತಿತ್ತು. ಎರಡು ಕಾಗದದ ಲೋಟ ಒಂದರೊಳಗೊಂದು ಇಟ್ಟು, ಮುಟ್ಟದೆ ಮಾಡಿದಾಗ 9 ಇಳಿಯಿತು.

ಮುಂದಿನ ವಾರದ ಸುಣ್ಣದಲ್ಲಿ ಮಾತ್ರ ನನ್ನ ಮರ್ಯಾದೆ ಹೋಯಿತು. ಕೆ.ಆರ್. ಮಾರ್ಕೆಟ್ ಕಡೆಯ ಒಂದು ಅಂಗಡಿಯಿಂದ ಸುಟ್ಟ ಸುಣ್ಣ ತಂದಿದ್ದೆ. ಟೆರೇಸಿನಲ್ಲಿ ಮಕ್ಕಳನ್ನು ದೂರ ನಿಲ್ಲಿಸಿದೆ. ಕನ್ನಡಕ, ಗ್ಲೌಸ್ ಹಾಕಿಕೊಂಡು, ದೊಡ್ಡ ಭಾಷಣ ಬಿಗಿದು ನೀರು ಹಾಕಿದೆ. ಏನೂ ಆಗಲಿಲ್ಲ. 26 ಇದ್ದದ್ದು 27 ಆಯಿತು. ಒಬ್ಬಳು ಕಿಸಕ್ಕನೆ ನಕ್ಕಳು.

ಕೆಳಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ಪೊಟ್ಟಣ ಬಿಚ್ಚಿ ನೋಡಿದ ತಕ್ಷಣ, "ಇದು ಪುಡಿ ಕಣೇ. ಮಳೆಗಾಲದಲ್ಲಿ ಚೀಲ ತೆರೆದಿಟ್ಟಿದ್ದಾರೆ, ಆಗಲೇ ಅರಳಿ ಸತ್ತುಹೋಗಿದೆ. ಹೆಂಟೆ ತಗೊಂಡು ಬಾ, ಎತ್ತಿದರೆ ಭಾರ ಇರಬೇಕು" ಅಂದರು. ಊರಲ್ಲಿ ಹಬ್ಬಕ್ಕೆ ಮುಂಚೆ ಪ್ರತಿವರ್ಷ ಗೋಡೆಗೆ ಸುಣ್ಣ ಹೊಡೆದ ಕೈ ಅದು. ನನ್ನ ಎಂಎಸ್ಸಿ ಅಲ್ಲಿ ಸುಮ್ನೆ ನಿಂತಿತ್ತು.

ಈ ಸಲ ಹೆಂಟೆ ತಂದೆ. ಸ್ಟೀಲ್ ತಟ್ಟೆಯಲ್ಲಿಟ್ಟು (ಅಲ್ಯೂಮಿನಿಯಂ ಬೇಡವೇ ಬೇಡ, ಸುಣ್ಣ ಅದನ್ನು ತಿನ್ನುತ್ತದೆ) ನೀರು ಚಿಮುಕಿಸಿದೆ. ಒಂದು ನಿಮಿಷ ಸದ್ದಿಲ್ಲ. ಆಮೇಲೆ ಚಟಚಟ ಅಂತ ಬಿರುಕು ಬಿಟ್ಟಿತು, ಬುಸ್ಸೆಂದು ಹಬೆ ಎದ್ದಿತು. ಅಂಕಿ 90 ದಾಟಿತು. ಕಲ್ಲಿನಂತಿದ್ದದ್ದು ಕಣ್ಣೆದುರೇ ಉಬ್ಬಿ ಹಿಟ್ಟಾಯಿತು. 'ಅರಳಿದ ಸುಣ್ಣ' ಅನ್ನುವ ಮಾತನ್ನು ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದವಳು ನಾನು. ಅದು ಅರಳುವುದನ್ನು ನೋಡಿದ್ದು ಅವತ್ತೇ.

ಸುಣ್ಣದಕಲ್ಲನ್ನು ಗೂಡಿನಲ್ಲಿ ಸುಮಾರು 900 ಡಿಗ್ರಿಯಲ್ಲಿ ಸುಡುತ್ತಾರೆ. ಅಲ್ಲಿ ಕಲ್ಲು ಒಡೆದು ಕಾರ್ಬನ್ ಡೈಆಕ್ಸೈಡ್ ಹೊರಹೋಗಲು ಹಿಡಿದ ಶಾಖವಿದೆಯಲ್ಲ, ಅದರಲ್ಲಿ ಮೂರನೇ ಒಂದು ಪಾಲಿಗಿಂತ ತುಸು ಜಾಸ್ತಿ ನೀರು ಬಿದ್ದಾಗ ಒಮ್ಮೆಲೇ ವಾಪಸ್ ಬರುತ್ತದೆ. ಉಳಿದದ್ದು ಬರುವುದು ಗೋಡೆಗೆ ಹಚ್ಚಿದ ಮೇಲೆ. ಸುಣ್ಣ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಮತ್ತೆ ಕಲ್ಲಾಗುತ್ತಾ ಅದನ್ನು ಬಿಡುತ್ತದೆ. ಎಷ್ಟು ನಿಧಾನ ಅಂದರೆ ಗೋಡೆಗೆ ಕೈ ಇಟ್ಟರೂ ತಿಳಿಯದು. ಅಂಗಡಿಯ ಚೀಲದಲ್ಲಿ ಆಗಿದ್ದೂ ಇಷ್ಟೇ. ನನಗೆ ಬೇಕಿದ್ದ ಬಿಸಿಯನ್ನು ಅದು ವಾರಗಟ್ಟಲೆ ತೇವದ ಗಾಳಿಗೆ ಚೂರುಚೂರೇ ಕೊಟ್ಟು ಮುಗಿಸಿತ್ತು.

ಇದನ್ನೇ ತುಕ್ಕಿನಲ್ಲೂ ತೋರಿಸೋಣ ಅನ್ನಿಸಿತು. ಪಾತ್ರೆ ಉಜ್ಜುವ ಸ್ಟೀಲ್ ನಾರನ್ನು ವಿನಿಗರ್‌ನಲ್ಲಿ ನೆನೆಸಿಟ್ಟೆ. ಮತ್ತೆ ಸೋಲು, ಅದು ಸ್ಟೇನ್‌ಲೆಸ್, ತುಕ್ಕು ಹಿಡಿಯುವುದೇ ಇಲ್ಲ. ಮರ ಉಜ್ಜಲು ಬಳಸುವ ಸಣ್ಣ ಎಳೆಯ ಸ್ಟೀಲ್ ವೂಲ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಕ್ಕಿತು. ಒಂದು ನಿಮಿಷ ವಿನಿಗರ್‌ನಲ್ಲಿ ಅದ್ದಿ, ಹಿಂಡಿ, ಕಡ್ಡಿಗೆ ಸುತ್ತಿ ಡಬ್ಬಿಯಲ್ಲಿ ಮುಚ್ಚಿಟ್ಟೆವು. ಹತ್ತು ನಿಮಿಷಕ್ಕೆ 4 ಡಿಗ್ರಿ ಏರಿತು. ತುಕ್ಕು ಹಿಡಿಯುವಾಗ ಕಬ್ಬಿಣ ಬಿಡುವ ಶಾಖ ಅದು. ಗೇಟಿನ ಕಂಬಿಯೂ ಬಿಡುತ್ತದೆ, ಆದರೆ ವರ್ಷಗಟ್ಟಲೆ ತೆಗೆದುಕೊಂಡು.

ಪಾಠ ಮುಗಿಸಿ ಹೊರಡುವಾಗ ಪಿಒಪಿ ಕೈಯ ಹುಡುಗ ನಮ್ಮ ತುಕ್ಕು ಹಿಡಿದ ಗೇಟಿನ ಮೇಲೆ ಇನ್ನೊಂದು ಕೈ ಇಟ್ಟ. "ಆಂಟಿ, ನಿಜವಾಗ್ಲೂ ಬಿಸಿ ಇದೆ!" ಅಂತ ಕೂಗಿದ. ಮಧ್ಯಾಹ್ನ ಹನ್ನೆರಡೂವರೆ, ಅದು ಬಿಸಿಲು ಕಣೋ ಅಂದೆ.