ಮೀನಿನ ಮೂಳೆ, ಚರ್ಮದಿಂದ ಪ್ರೋಟೀನ್ ಪುಡಿ: ನನ್ನ ಅನುಭವ

ಮೊದಲ ಬ್ಯಾಚಿನ ಪುಡಿಯನ್ನು ನಾಲಿಗೆಗೆ ಇಟ್ಟುಕೊಂಡ ದಿನ ಚೆನ್ನಾಗಿ ನೆನಪಿದೆ. ಹಾಗಲಕಾಯಿ ಅರೆದು ಹಾಕಿದಷ್ಟು ಕಹಿ. ಜೊತೆಗೆ ಹಳೇ ಎಣ್ಣೆಯ ವಾಸನೆ. ಪೀಣ್ಯದ ನಮ್ಮ ಚಿಕ್ಕ ಶೆಡ್ಡಿನಲ್ಲಿ ಮೂರು ಜನ ಸುಮ್ನೆ ನಿಂತುಬಿಟ್ಟೆವು. ತಪ್ಪು ಮೀನಿನ ಪ್ರೋಟೀನ್ ಕತ್ತರಿಸಲು ಹಾಕುವ ಕಿಣ್ವದ್ದು (ಎಂಜೈಮ್) ಅಂದುಕೊಂಡು ಎರಡು ತಿಂಗಳು ಕಿಣ್ವ ಬದಲಾಯಿಸುತ್ತಾ ಕೂತೆ. ಅಸಲಿ ತಪ್ಪು ಮೀನಿನ ಉಳಿಕೆ ತುಂಬಿ ತರುವ ಡ್ರಮ್ಮಿನಲ್ಲಿತ್ತು.

ಬೆಂಗಳೂರಿಗೆ ಸಮುದ್ರದ ಮೀನು ಮಲ್ಪೆ, ಮಂಗಳೂರು, ಚೆನ್ನೈ ಕಡೆಯಿಂದ ರಾತ್ರಿಯೆಲ್ಲ ಐಸಿನಲ್ಲಿ ಕೂತು ಬರುತ್ತದೆ. ರೋಹು, ಕಾಟ್ಲಾ ಆಂಧ್ರದ ಕಡೆಯಿಂದಲೂ ಬರುತ್ತವೆ. ಹೋಟೆಲಿನವರಿಗೆ, ಆನ್‌ಲೈನಿನಲ್ಲಿ ಕೊಳ್ಳುವವರಿಗೆ ಫಿಲೆ, ಅಂದರೆ ಮುಳ್ಳಿಲ್ಲದ ಬರೀ ಮಾಂಸದ ಹೋಳು ಬೇಕು. ಫಿಲೆ ತೆಗೆದ ಮೇಲೆ ಎಷ್ಟೋ ಮೀನುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ತೂಕ ಕತ್ತರಿಸುವ ಹಲಗೆಯ ಮೇಲೇ ಉಳಿಯುತ್ತದೆ. ತಲೆ, ನಡುಮೂಳೆ, ಚರ್ಮ, ಹುರುಪೆ, ಕರುಳು. ಫಿಲೆ ಐಸಿಗೆ ಹೋಗುತ್ತದೆ. ಉಳಿದದ್ದೆಲ್ಲ ಒಟ್ಟಿಗೆ ನೀಲಿ ಡ್ರಮ್ಮಿಗೆ ಬೀಳುತ್ತದೆ. ನಾನು ತರುತ್ತಿದ್ದ ಜಾಗದಲ್ಲಿ ಆ ಡ್ರಮ್ ಸಂಜೆವರೆಗೂ ಹೊರಗೇ ನಿಂತಿರುತ್ತಿತ್ತು. ನಡುಮೂಳೆಗೆ ಅಂಟಿಕೊಂಡಿರುವ ಮಾಂಸ ಫಿಲೆಯ ಮಾಂಸವೇ ಅಲ್ವಾ? ಐದು ನಿಮಿಷದ ಹಿಂದೆ ಎರಡೂ ಒಂದೇ ಮೀನಿನಲ್ಲಿದ್ದವು.

ಡ್ರಮ್ಮಿನೊಳಗೆ ಏನಾಗುತ್ತದೆ ಅಂದರೆ, ಕರುಳಿನ ಕಿಣ್ವಗಳು ಪಕ್ಕದ ಮಾಂಸವನ್ನೇ ಕರಗಿಸಲು ಶುರು ಮಾಡುತ್ತವೆ. ಪಿತ್ತ ಒಡೆದು ಎಲ್ಲದಕ್ಕೂ ಕಹಿ ಹತ್ತುತ್ತದೆ. ರಕ್ತದಲ್ಲಿರುವ ಕಬ್ಬಿಣ ಮೀನಿನ ಕೊಬ್ಬನ್ನು ಬೇಗ ಕೆಡಿಸುತ್ತದೆ. ಆ ಹಳೇ ಎಣ್ಣೆಯ ವಾಸನೆ ಅಲ್ಲಿಂದಲೇ ಬರುವುದು. ಬಂಗುಡೆ, ಟ್ಯೂನಾ ಥರದ ಮೀನಾದರೆ ಇನ್ನೂ ಅಪಾಯ. ಐಸ್ ಇಲ್ಲದಿದ್ದರೆ ಬ್ಯಾಕ್ಟೀರಿಯಾ ಅವುಗಳಲ್ಲಿ ಹಿಸ್ಟಮಿನ್ ಅನ್ನುವ, ತಿಂದವರ ಮೈ ಕೆಡಿಸುವ ವಸ್ತು ಹುಟ್ಟಿಸುತ್ತವೆ. ಅದನ್ನು ಎಷ್ಟು ಬೇಯಿಸಿದರೂ ಹೋಗುವುದಿಲ್ಲ. ಇಷ್ಟೆಲ್ಲ ಆದ ಮೇಲೆ ಯಾವ ದುಬಾರಿ ಕಿಣ್ವ ತಂದು ಏನು ಪ್ರಯೋಜನ?

ಹಾಗಾಗಿ ಕತ್ತರಿಸುವವರ ಹತ್ತಿರ ಹೋದೆ. ಮೂರು ಬಣ್ಣದ ಟ್ರೇ ಕೊಟ್ಟೆ. ಒಂದಕ್ಕೆ ಚರ್ಮ, ಒಂದಕ್ಕೆ ನಡುಮೂಳೆ ಮತ್ತು ಮಾಂಸದ ಚೂರು, ಒಂದಕ್ಕೆ ಹುರುಪೆ. ಕರುಳು, ಕಿವಿರು ನಮಗೆ ಬೇಡ.

"ಇದಕ್ಕೂ ಐಸ್ ಹಾಕ್ಬೇಕಾ ಮೇಡಂ? ಎಸೆಯೋ ಮಾಲು ಅಲ್ವಾ?" ಅಂತ ಕೇಳಿದರು ಅವರಲ್ಲಿ ಹಿರಿಯರು.

"ಎಸೆಯೋದಲ್ಲ ಅಣ್ಣ. ನಾನು ತಿನ್ನೋದು, ನನ್ನ ಮಕ್ಕಳಿಗೂ ಕೊಡೋದು."

ಕಿಲೋಗೆ ಇಷ್ಟು ಅಂತ ದುಡ್ಡು ಗೊತ್ತು ಮಾಡಿದೆ. ಐಸಿನ ಖರ್ಚೂ ನಮ್ಮದೇ. ತಲೆಯನ್ನು ನಾನು ಕೇಳಲೇ ಇಲ್ಲ. ಕಾಟ್ಲಾ ತಲೆಗೆ ಸಾರು ಮಾಡುವ ಗಿರಾಕಿಗಳು ಬೇಕಾದಷ್ಟಿದ್ದಾರೆ. ಅವರ ಊಟ ಕಿತ್ತುಕೊಂಡು ಪುಡಿ ಮಾಡುವುದು ನನಗೆ ಸರಿ ಅನ್ನಿಸುವುದಿಲ್ಲ.

ಈಗ ನಾವು ಮಾಡುವ ರೀತಿ ಹೀಗಿದೆ. ನಡುಮೂಳೆಯನ್ನು ಐಸ್ ನೀರಿನಲ್ಲಿ ರಕ್ತ ಹೋಗುವ ತನಕ ತೊಳೆಯುತ್ತೇವೆ. ಕೀಮಾ ಮೆಷಿನ್ನಿಗೆ ಹಾಕಿ, ಅಷ್ಟೇ ತೂಕದ ನೀರು ಬೆರೆಸಿ, ತಿರುಗಿಸುತ್ತಾ 55 ಡಿಗ್ರಿಗೆ ಬಿಸಿ ಮಾಡುತ್ತೇವೆ. ಆಮೇಲೆ ಪಪೇನ್ ಹಾಕುತ್ತೇವೆ. ಪಪ್ಪಾಯಿ ಕಾಯಿಯ ಹಾಲಿನಿಂದ ಸಿಗುವ ಕಿಣ್ವ ಅದು. ಮನೆಯಲ್ಲಿ ಮಟನ್ ಬೇಗ ಬೇಯಲಿ ಅಂತ ಪಪ್ಪಾಯಿ ಚೂರು ಹಾಕುತ್ತೇವಲ್ಲ, ಅದೇ ಕೆಲಸ. ಪ್ರೋಟೀನಿನ ಉದ್ದ ಸರಪಳಿಯನ್ನು ಅದು ಪೆಪ್ಟೈಡ್ ಅನ್ನುವ ಚಿಕ್ಕ ತುಂಡುಗಳಾಗಿ ಕತ್ತರಿಸುತ್ತದೆ. ಆಗ ಅವು ನೀರಿನಲ್ಲಿ ಸುಲಭವಾಗಿ ಕರಗುತ್ತವೆ. ಆಲ್ಕಲೇಸ್ ಅನ್ನುವ ಇನ್ನೊಂದು ಕಿಣ್ವ ಇನ್ನೂ ಜೋರಾಗಿ ಕತ್ತರಿಸುತ್ತದೆ. ಆದರೆ ಅದಕ್ಕೆ ಪಿಎಚ್ (ಆಮ್ಲ-ಕ್ಷಾರದ ಅಳತೆ) 8ರ ಸುತ್ತ ಬೇಕು. ಕತ್ತರಿಸುತ್ತಾ ಹೋದಂತೆ ಪಿಎಚ್ ಇಳಿಯುತ್ತದೆ, ನಾವು ಕ್ಷಾರ ಹಾಕುತ್ತಲೇ ಇರಬೇಕು. ಕೊನೆಗೆ ಪುಡಿಯಲ್ಲಿ ಉಪ್ಪು ಜಾಸ್ತಿಯಾಗುತ್ತದೆ. ಪಪೇನ್ ಮೀನಿನ ಸಹಜ ಪಿಎಚ್‌ನಲ್ಲೇ ಕೆಲಸ ಮಾಡುತ್ತದೆ, ಅದಕ್ಕೇ ನನಗೆ ಅದು ಒಗ್ಗಿತು.

ಸಮಯದ ವಿಷಯದಲ್ಲೂ ಒಂದು ಪಾಠ ಕಲಿತೆ. ಮೊದಮೊದಲು ಆರು ಗಂಟೆ ಬಿಡುತ್ತಿದ್ದೆ. ಜಾಸ್ತಿ ಕತ್ತರಿಸಿದಷ್ಟೂ ಒಳ್ಳೆಯದು ಅಂತ ನಂಬಿಕೆ. ಇಡೀ ಪ್ರೋಟೀನಿನ ಒಳಗೆ ಮಡಚಿಕೊಂಡಿರುವ ಕೆಲವು ಭಾಗಗಳು ಕತ್ತರಿಸಿದಾಗ ಹೊರಗೆ ಬಂದು ನಾಲಿಗೆಗೆ ಕಹಿಯಾಗುತ್ತವೆ ಅನ್ನುವುದು ಆಮೇಲೆ ತಿಳಿಯಿತು. ಈಗ ಎರಡು ಗಂಟೆಗೆ ನಿಲ್ಲಿಸುತ್ತೇವೆ. 90 ಡಿಗ್ರಿಯಲ್ಲಿ 15 ನಿಮಿಷ ಕಾಯಿಸಿದರೆ ಕಿಣ್ವದ ಕೆಲಸ ಮುಗಿಯಿತು. ಜರಡಿಯಲ್ಲಿ ಮೂಳೆ ಬೇರೆ ಮಾಡಿ, ಮೇಲೆ ತೇಲುವ ಎಣ್ಣೆಯನ್ನು ಪೂರ್ತಿ ತೆಗೆದು, ತಿಳಿಯನ್ನು ಸ್ಪ್ರೇ ಡ್ರೈಯರಿಗೆ (ಬಿಸಿ ಗಾಳಿಯಲ್ಲಿ ಸಿಂಪಡಿಸಿ ಒಣಗಿಸುವ ಮೆಷಿನ್ನು) ಹಾಕುತ್ತೇವೆ. ಒಳಗೆ ಹೋಗುವ ಗಾಳಿ 170 ಡಿಗ್ರಿ, ಹೊರಬರುವುದು 85. ಹತ್ತು ಕಿಲೋ ನಡುಮೂಳೆಗೆ 700 ಗ್ರಾಂ ಆಸುಪಾಸು ಪುಡಿ ಸಿಗುತ್ತದೆ. ಎಣ್ಣೆ ಸ್ವಲ್ಪ ಉಳಿದರೂ ಒಂದೇ ತಿಂಗಳಲ್ಲಿ ಪುಡಿ ಮುಗ್ಗುತ್ತದೆ. ಆ ಹಂತದಲ್ಲಿ ನಾನು ಯಾರನ್ನೂ ಅವಸರ ಮಾಡಲು ಬಿಡುವುದಿಲ್ಲ.

ಬೆಂಗಳೂರಿನ ಮಳೆಗಾಲ ಬೇರೆ ಕಾಟ ಕೊಟ್ಟಿತು. ಈ ಪುಡಿ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಒಂದು ಆಗಸ್ಟಿನಲ್ಲಿ ಊಟಕ್ಕೆ ಹೋಗಿ ಬರುವಷ್ಟರಲ್ಲಿ ತೆರೆದಿಟ್ಟ ಡಬ್ಬದಲ್ಲಿ ಪುಡಿ ಬೆಲ್ಲದ ಅಚ್ಚಿನ ಹಾಗೆ ಗಟ್ಟಿಯಾಗಿತ್ತು. ಈಗ ಡ್ರೈಯರಿನಿಂದ ನೇರವಾಗಿ ಅಲ್ಯೂಮಿನಿಯಂ ಪೌಚಿಗೆ ಹಾಕಿ ಸೀಲ್ ಮಾಡುತ್ತೇವೆ.

ಚರ್ಮದ ದಾರಿ ಬೇರೆ. ಜಿಲೇಬಿ ಮೀನಿನ ಚರ್ಮ ನನಗೆ ಬಹಳ ಇಷ್ಟ. ಬೆಚ್ಚಗಿನ ನೀರಿನಲ್ಲಿ ಬದುಕುವ ಮೀನಿನ ಕೊಲಾಜೆನ್ (ಚರ್ಮ, ಮೂಳೆಯನ್ನು ಗಟ್ಟಿಯಾಗಿ ಹಿಡಿದಿಡುವ ಪ್ರೋಟೀನ್) ತಣ್ಣೀರಿನ ಮೀನಿನದಕ್ಕಿಂತ ಗಟ್ಟಿ. ಮೊದಲು ತೆಳು ಕ್ಷಾರದಲ್ಲಿ, ಆಮೇಲೆ ತೆಳು ಸಿಟ್ರಿಕ್ ಆಮ್ಲದಲ್ಲಿ ನೆನೆಸಿ, ಪ್ರತಿ ಸಲ ಚೆನ್ನಾಗಿ ತೊಳೆದು, ಬಿಸಿ ನೀರಿನಲ್ಲಿಟ್ಟರೆ ಕೊಲಾಜೆನ್ ಕರಗಿ ಜೆಲಾಟಿನ್ ಆಗಿ ಹೊರಬರುತ್ತದೆ. ಅದಕ್ಕೆ ಕಿಣ್ವ ಹಾಕಿದರೆ ಕೊಲಾಜೆನ್ ಪೆಪ್ಟೈಡ್. ಸಾಕಷ್ಟು ಕತ್ತರಿಸಿದೆಯಾ ಅಂತ ನೋಡಲು ಒಂದು ಲೋಟ ಫ್ರಿಜ್ಜಿನಲ್ಲಿ ಇಡುತ್ತೇನೆ. ಜೆಲ್ಲಿಯಾದರೆ ಇನ್ನೂ ಆಗಿಲ್ಲ. ನೀರಾಗಿಯೇ ಉಳಿದರೆ ಆಯಿತು.

ಆರೋಗ್ಯದ ಮಾತು ಬಂದರೆ ನಾನು ತುಂಬ ಎಚ್ಚರ. ಕೊಲಾಜೆನ್ನಿನಲ್ಲಿ ಟ್ರಿಪ್ಟೊಫ್ಯಾನ್ ಅನ್ನುವ ಅಗತ್ಯ ಅಮೈನೊ ಆಮ್ಲ (ಊಟದಿಂದಲೇ ಸಿಗಬೇಕಾದ, ಪ್ರೋಟೀನಿನ ಒಂದು ಬಿಡಿಭಾಗ) ಇಲ್ಲ. ಹಾಗಾಗಿ ಅದೊಂದನ್ನೇ ಊಟದ ಪ್ರೋಟೀನ್ ಅಂತ ಎಣಿಸಬಾರದು. ಕೊಳ್ಳುವವರಿಗೆ ಇದನ್ನು ಮೊದಲೇ ಹೇಳುತ್ತೇನೆ. ನಡುಮೂಳೆಯ ಮಾಂಸದ ಪುಡಿ ಇದಕ್ಕಿಂತ ಎಷ್ಟೋ ಮೇಲು. ಅದರಲ್ಲಿ ಲೈಸಿನ್ ಅನ್ನುವ ಇನ್ನೊಂದು ಅಗತ್ಯ ಅಮೈನೊ ಆಮ್ಲ ಚೆನ್ನಾಗಿದೆ. ನಮ್ಮ ರಾಗಿಯಲ್ಲಿ ಕಮ್ಮಿ ಇರುವುದೇ ಲೈಸಿನ್. ಅದಕ್ಕೇ ನಾನು ಈ ಪುಡಿ ಬೆರೆಸಿದ ರಾಗಿ ಬಿಸ್ಕತ್ತಿನ ಹಿಂದೆ ಬಿದ್ದಿರುವುದು. ಜೀರಿಗೆ, ಕರಿಮೆಣಸು ಹಾಕಿದರೆ ಮೀನಿನ ರುಚಿ ಅಡ್ಡ ಬರುವುದಿಲ್ಲ.

"ಬಿಪಿ ಇಳಿಸುತ್ತದೆ ಅಂತ ಪ್ಯಾಕೆಟ್ ಮೇಲೆ ಹಾಕಿ, ಚೆನ್ನಾಗಿ ಓಡುತ್ತೆ" ಅಂತ ಒಬ್ಬ ವ್ಯಾಪಾರಿ ಒತ್ತಾಯ ಮಾಡಿದ್ದರು. ಮೀನಿನ ಕೆಲವು ಪೆಪ್ಟೈಡುಗಳು ರಕ್ತದೊತ್ತಡ ಏರಿಸುವ ಕಿಣ್ವವನ್ನು ಪ್ರಯೋಗಾಲಯದಲ್ಲಿ ತಡೆಯುತ್ತವೆ, ಅದು ನಿಜ. ಆದರೆ ಪ್ರಯೋಗಾಲಯದ ಕೊಳವೆ ಬೇರೆ, ಮನುಷ್ಯನ ಮೈ ಬೇರೆ. ಬಿಪಿ ಮಾತ್ರೆ ಬಿಟ್ಟು ಯಾರಾದರೂ ನನ್ನ ಪುಡಿ ತಿಂದರೆ ಆ ಪಾಪ ನನಗೆ ಬೇಡ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನಿಯಮವೂ ಆಹಾರದ ಪ್ಯಾಕೆಟ್ಟಿನಲ್ಲಿ ರೋಗ ವಾಸಿ ಮಾಡುವ ಮಾತಿಗೆ ಒಪ್ಪುವುದಿಲ್ಲ. ಕಂದು ತ್ರಿಕೋನದ ಮಾಂಸಾಹಾರ ಗುರುತು, 'ಮೀನು ಇದೆ' ಅನ್ನುವ ಅಲರ್ಜಿ ಸೂಚನೆ ಎರಡನ್ನೂ ದೊಡ್ಡದಾಗಿ ಹಾಕುತ್ತೇವೆ. ಕಿಣ್ವ ಕತ್ತರಿಸಿದ ಮಾತ್ರಕ್ಕೆ ಅಲರ್ಜಿ ಹೋಯಿತು ಅಂತ ತಿಳಿಯಬಾರದು.

ಶುರು ಮಾಡುವವರು ನನ್ನ ಹಾಗೆ ಎರಡು ತಿಂಗಳು ಕಳೆಯಬೇಡಿ. ಮೈಸೂರಿನ ಸಿಎಫ್‌ಟಿಆರ್‌ಐ (ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ), ಕೊಚ್ಚಿಯ ಸಿಐಎಫ್‌ಟಿ (ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ) ಎರಡೂ ಈ ವಿಷಯದಲ್ಲಿ ಕೆಲಸ ಮಾಡಿರುವ ಸಂಸ್ಥೆಗಳು. ಮೆಷಿನ್ ಕೊಳ್ಳುವ ಮೊದಲು ಅಲ್ಲಿ ಹೋಗಿ ಮಾತಾಡಿ. ಅದಕ್ಕೂ ಮೊದಲು ಒಂದು ವಾರ ಬೆಳಗಿನ ಜಾವ ಮೀನು ಕತ್ತರಿಸುವ ಜಾಗದಲ್ಲಿ ನಿಂತು ನೋಡಿ.

ಈ ತಿಂಗಳು ಹುರುಪೆಗೆ ಕೈ ಹಾಕಿದ್ದೇವೆ. ಅದರಲ್ಲಿ ಕ್ಯಾಲ್ಸಿಯಂ ಖನಿಜ ಗಟ್ಟಿಯಾಗಿ ಕೂತಿರುತ್ತದೆ, ತೆಳು ಆಮ್ಲದಲ್ಲಿ ಮೊದಲು ಅದನ್ನು ಬಿಡಿಸಬೇಕು. ನಿನ್ನೆ ರಾತ್ರಿ ಮೊದಲ ಲೋಟ ಫ್ರಿಜ್ಜಿನಲ್ಲಿಟ್ಟಿದ್ದೆ. ಬೆಳಗ್ಗೆ ನೋಡಿದರೆ ಜೆಲ್ಲಿಯಾಗಿತ್ತು. ಇವತ್ತು ಕಿಣ್ವವನ್ನು ಅರ್ಧ ಗಂಟೆ ಜಾಸ್ತಿ ಬಿಟ್ಟಿದ್ದೇನೆ.